‘ನನ್ನ ಮೆದುಳು ಕುಗ್ಗಿದೆಯಾ ಮೇಡಂ?’

ಸುಧಾ (ಹೆಸರು, ವಿವರ ಬದಲಿಸಿದ್ದೇನೆ) ಲೆಕ್ಕಪತ್ರ ವಿಭಾಗದಲ್ಲಿದ್ದಾರೆ. ವಯಸ್ಸು ನಲವತ್ತರ ಆಸುಪಾಸು. ನನ್ನ ಬಳಿ ಬಂದಾಗ ಅವರಿಗೆ ಕೋವಿಡ್ ಬಂದು ಹೋಗಿ ಏಳು ತಿಂಗಳಾಗಿತ್ತು. ಆಸ್ಪತ್ರೆಗೆ ಸೇರುವಷ್ಟೇನೂ ಆಗಿರಲಿಲ್ಲ. ಆದರೆ ಅಂದಿನಿಂದ ತಲೆ ಮೊದಲಿನಂತಿಲ್ಲ. ಮಾತಿನ ನಡುವೆ ಪದ ಸಿಗುವುದಿಲ್ಲ. ಒಂದೇ ಪುಟವನ್ನು ಮತ್ತೆ ಮತ್ತೆ ಓದಬೇಕು. ಸಂಜೆಯಾದರೆ ಸುಮ್ನೆ ಅಳು, ರಾತ್ರಿ ಎದೆ ಡವಡವ. ಗಂಡ "ಮನಸ್ಸು ಗಟ್ಟಿ ಮಾಡ್ಕೋ" ಅನ್ನುತ್ತಿದ್ದರು. ಅಷ್ಟರಲ್ಲಿ ಕೋವಿಡ್‌ನಿಂದ ಮೆದುಳು ಕುಗ್ಗುತ್ತದೆ ಎಂದು ಎಲ್ಲೋ ಓದಿ ಪೂರ್ತಿ ಹೆದರಿಬಿಟ್ಟಿದ್ದರು.

ಆ ಸುದ್ದಿ ಸುಳ್ಳಲ್ಲ, ಆದರೆ ಅರ್ಧ ಮಾತ್ರ ನಿಜ. ಬ್ರಿಟನ್ನಿನಲ್ಲಿ 51ರಿಂದ 81 ವರ್ಷದ 785 ಜನರ ಮೆದುಳನ್ನು ಎರಡು ಸಲ ಸ್ಕ್ಯಾನ್ ಮಾಡಿದ್ದರು. ನಡುವಿನ ಅವಧಿಯಲ್ಲಿ 401 ಜನರಿಗೆ ಸೋಂಕು ತಗುಲಿತ್ತು. ಅವರಲ್ಲಿ ವಾಸನೆಗೆ ಸಂಬಂಧಪಟ್ಟ ಭಾಗಗಳು ಉಳಿದವರಿಗಿಂತ ಸುಮಾರು 0.2ರಿಂದ 2 ಶೇಕಡಾ ಜಾಸ್ತಿ ತೆಳುವಾಗಿದ್ದವು. ಇದು 2022ರಲ್ಲಿ ‘ನೇಚರ್’ ವಿಜ್ಞಾನ ಪತ್ರಿಕೆಯಲ್ಲಿ ಬಂತು. ಆದರೆ ಅದು ಗುಂಪಿನ ಸರಾಸರಿ. ಅದನ್ನಿಟ್ಟುಕೊಂಡು ಸುಧಾ ಅವರ ತಲೆಯೊಳಗೆ ಏನಾಗಿದೆ ಎಂದು ಹೇಳಲಾಗದು. ಆ ಬದಲಾವಣೆ ಶಾಶ್ವತ ಎಂದೂ ಅಧ್ಯಯನ ಹೇಳಲಿಲ್ಲ. ಇದನ್ನು ಕೇಳಿ ಅವರು ಸ್ವಲ್ಪ ಹಗುರಾದರು. "ಹಾಗಾದ್ರೆ ಇದು ನನ್ನ ಸೋಮಾರಿತನ ಅಲ್ಲ, ಅಲ್ವಾ?" ಎಂದರು. ಖಂಡಿತ ಅಲ್ಲ. 1918ರ ಫ್ಲೂ ನಂತರವೂ ಎಷ್ಟೋ ಜನ ಹೀಗೇ ಸುಸ್ತು, ಮಂಕುತನದಲ್ಲಿ ನರಳಿದ್ದರು.

ಮೊದಲು ವೈದ್ಯರ ಬಳಿ ಕಳಿಸಿದೆ. ಥೈರಾಯ್ಡ್, ಹಿಮೋಗ್ಲೋಬಿನ್, ಬಿ12, ಸಕ್ಕರೆ ನೋಡದೆ ಎಲ್ಲವನ್ನೂ ಕೋವಿಡ್ ಮೇಲೆ ಹಾಕುವುದು ತಪ್ಪು. ರಕ್ತಹೀನತೆ ಇತ್ತು, ಮಾತ್ರೆ ಶುರುವಾಯಿತು. ಮಂಕು ಪೂರ್ತಿ ಹೋಗಲಿಲ್ಲ.

ನಿಜವಾದ ತೊಡಕು ಬೇರೆಡೆ ಇತ್ತು. ಸ್ವಲ್ಪ ಹುರುಪು ಬಂದ ದಿನ ಸುಧಾ ಬಾಕಿ ಕೆಲಸವನ್ನೆಲ್ಲ ಒಮ್ಮೆಗೇ ಮುಗಿಸಲು ಕೂರುತ್ತಿದ್ದರು. ಮಾರನೇ ದಿನವೋ ಅದರ ಮಾರನೇ ದಿನವೋ ಹಾಸಿಗೆ ಹಿಡಿಯುತ್ತಿದ್ದರು. ದುಡಿಮೆಗೂ ಕುಸಿತಕ್ಕೂ ನಡುವೆ ಅಂತರ ಇದ್ದದ್ದರಿಂದ ನಂಟು ಅವರಿಗೆ ಕಂಡಿರಲಿಲ್ಲ. ಡೈರಿ ಬರೆಯಲು ಹೇಳಿದೆ. ಎರಡು ವಾರಕ್ಕೆ ಅವರೇ ಕಂಡುಕೊಂಡರು. ನಾನು ಹೇಳಿದ್ದು ಇಷ್ಟು: ಸುಸ್ತಾಗುವ ಮೊದಲೇ ನಿಲ್ಲಿಸಿ. ಚೆನ್ನಾಗಿದ್ದ ದಿನವೇ ಜಾಸ್ತಿ ಎಚ್ಚರ. ತಲೆ ಓಡುವ ಕೆಲಸ ಬೆಳಿಗ್ಗೆ ಇರಲಿ. ನೆನಪಿನ ಮೇಲೆ ಭಾರ ಹಾಕದೆ ಬರೆದಿಡಿ. ಹಟಕ್ಕೆ ಬಿದ್ದು ವ್ಯಾಯಾಮ ಮಾಡುವುದು ಇಂಥವರಿಗೆ ಕೆಡುಕೇ ಹೆಚ್ಚು.

"ಬದುಕೇ ಸಾಕು ಅನ್ನಿಸುತ್ತಾ?" ಎಂದು ನೇರವಾಗಿ ಕೇಳಿದೆ. ಒಮ್ಮೊಮ್ಮೆ ಅನ್ನಿಸುತ್ತದೆ ಎಂದರು. ಅಂದೇ ಮನೋವೈದ್ಯರ ಭೇಟಿ ಗೊತ್ತುಮಾಡಿದೆ. ಖಿನ್ನತೆಗೆ ಔಷಧಿ ತಗೊಂಡರೆ ಕಾಯಿಲೆ ಬರೀ ಕಲ್ಪನೆ ಎಂದಾಗುವುದಿಲ್ಲ. ಇದನ್ನು ಅವರಿಗಿಂತ ಗಂಡನಿಗೇ ಹೆಚ್ಚು ಸಲ ಹೇಳಬೇಕಾಯಿತು. ಗಟ್ಟಿಯಾಗು ಎನ್ನುವ ಬದಲು ಸಂಜೆ ಕೆಲಸದಲ್ಲಿ ಪಾಲು ತಗೊಳ್ಳಿ ಎಂದೆ. ತಗೊಂಡರು.

ಈಗ ಸುಧಾ ಅರ್ಧ ದಿನ ಕೆಲಸಕ್ಕೆ ಹೋಗುತ್ತಾರೆ. ಅಳು ಕಡಿಮೆಯಾಗಿದೆ, ನಿದ್ದೆ ಬರುತ್ತಿದೆ. ತಿಂಗಳ ಕೊನೆಯ ಲೆಕ್ಕದ ದಿನಗಳಲ್ಲಿ ಪದ ಇನ್ನೂ ತಪ್ಪುತ್ತದೆ. ದಂಪತಿಗೆ ಒಂದು ಮಾತು ಬರೆದೇ ಕೊಟ್ಟಿದ್ದೇನೆ: ಫಿಟ್ಸ್ ಬಂದರೆ, ಒಂದು ಕಡೆ ಕೈಕಾಲು ಸೋತರೆ, ಇದ್ದಕ್ಕಿದ್ದಂತೆ ಗೊಂದಲವಾದರೆ, ಸಾಯುವ ಯೋಚನೆ ಬಲವಾದರೆ ನಮ್ಮ ಮುಂದಿನ ಭೇಟಿಗೆ ಕಾಯಬೇಡಿ, ನೇರ ಆಸ್ಪತ್ರೆಗೆ ಹೋಗಿ.