ಮೇಸ್ತ್ರಿಯನ್ನು ಬೈಯುವ ಮೊದಲು

ಜಗಳೂರು ತಾಲ್ಲೂಕಿನ ಓದುಗರಿಗೆ ನಮಸ್ಕಾರ. ಪ್ರಧಾನಮಂತ್ರಿ ಗ್ರಾಮೀಣ ಆವಾಸ್ ಯೋಜನೆಯಲ್ಲಿ ಮನೆ ಮಂಜೂರಾಗಿ, ನಾಲ್ಕೂವರೆ ಚದರಕ್ಕೆ (ಒಂದು ಚದರ ಅಂದರೆ ನೂರು ಚದರ ಅಡಿ) ಪಾಯ ಹಾಕಿಸಿ, ಗೋಡೆ ಬಾಗಿಲ ಮೇಲಿನ ಲಿಂಟಲ್‌ವರೆಗೆ ಬಂದು ಐದು ತಿಂಗಳಿಂದ ಹಾಗೇ ನಿಂತಿದೆ ಎಂದು ಬರೆದಿದ್ದೀರಿ. "ಸರ್ಕಾರ ದುಡ್ಡು ಕೊಟ್ಟರೂ ಮೇಸ್ತ್ರಿಗಳು ಕೂಲಿ ಏರಿಸಿ ಬಡವರ ಮನೆ ನುಂಗುತ್ತಿದ್ದಾರೆ, ಇದನ್ನು ಬರೆಯಿರಿ" ಅಂದಿದ್ದೀರಿ. ಬರೆಯುತ್ತೇನೆ, ಆದರೆ ನೀವು ಹೇಳಿದ ಹಾಗಲ್ಲ.

ಗುಡ್ಡಗಾಡಲ್ಲದ ಬಯಲು ಪ್ರದೇಶಕ್ಕೆ ಈ ಯೋಜನೆಯ ಮೊತ್ತ 1.20 ಲಕ್ಷ. 2016ರಲ್ಲಿ ನಿಗದಿಯಾದದ್ದು. 2024ರಲ್ಲಿ ಯೋಜನೆಯನ್ನು ಇನ್ನೂ ಐದು ವರ್ಷ ಮುಂದುವರಿಸಿದಾಗಲೂ ಅದೇ ಮೊತ್ತ ಉಳಿಯಿತು. ಕನಿಷ್ಠ ಅಳತೆ 25 ಚದರ ಮೀಟರ್, ಅಂದರೆ ನಮ್ಮ ಲೆಕ್ಕದಲ್ಲಿ ಎರಡೂ ಮುಕ್ಕಾಲು ಚದರಕ್ಕಿಂತ ಸ್ವಲ್ಪ ಕಮ್ಮಿ. ಭಾಗಿಸಿ ನೋಡಿ, ಚದರ ಅಡಿಗೆ 446 ರೂಪಾಯಿ. ನಿಮ್ಮ ನಾಲ್ಕೂವರೆ ಚದರಕ್ಕೆ ಹಂಚಿದರೆ 267. ಈ ದುಡ್ಡಿಗೆ ಯಾವ ಮೇಸ್ತ್ರಿ ತಾನೇ ಮನೆ ಮುಗಿಸಿಕೊಡುತ್ತಾನೆ?

ಇನ್ನು ಕೂಲಿ. ಉದ್ಯೋಗ ಖಾತ್ರಿಯಿಂದ 90 ದಿನದ ಕೂಲಿ ಬೇರೆ ಸಿಗುತ್ತದೆ, ನಿಜ. 2016-17ರಲ್ಲಿ ನಮ್ಮ ರಾಜ್ಯದಲ್ಲಿ ಅದು ದಿನಕ್ಕೆ 224 ಇತ್ತು, 2025-26ಕ್ಕೆ 370 ಆಯಿತು. ಅಂದರೆ ಕೂಲಿ ಏರಿದೆ ಅಂತ ಸರ್ಕಾರವೇ ಒಪ್ಪಿಕೊಂಡ ಹಾಗಾಯಿತು, ಮನೆಯ ಮೊತ್ತ ಮಾತ್ರ ಅಲ್ಲೇ ಕೂತಿದೆ! ಆ 90 ದಿನವೂ ಮಣ್ಣು ಹೊರುವ, ಸಿಮೆಂಟು ಕಲಸುವ ಆಳಿನ ಲೆಕ್ಕ. ಗಾರೆ ಕೆಲಸ, ಸೆಂಟ್ರಿಂಗ್ (ಕಾಂಕ್ರೀಟಿಗೆ ಹಲಗೆ ಆಸರೆ ಕಟ್ಟುವುದು), ಕಂಬಿ ಕಟ್ಟುವುದು ಇವಕ್ಕೆಲ್ಲ ಆ 1.20 ಲಕ್ಷದಲ್ಲೇ ಕೊಡಬೇಕು.

ಸಾಮಾನಿನದೂ ಅಷ್ಟೇ. 2025ರ ಸೆಪ್ಟೆಂಬರ್‌ನಲ್ಲಿ ಸಿಮೆಂಟಿನ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿಯಿತು, ಒಳ್ಳೆಯದೇ. ಆದರೆ ಜಲ್ಲಿ, ಎಂ ಸ್ಯಾಂಡ್ (ಕಲ್ಲು ಪುಡಿ ಮಾಡಿದ ಮರಳು) ನಿಮ್ಮೂರಿಗೆ ಬರುವಷ್ಟರಲ್ಲಿ ಗಾಡಿ ಬಾಡಿಗೆಯೇ ತಲೆ ಮೇಲೆ ಕೂರುತ್ತದೆ. ನಿಜವಾಗಿ ಕುತ್ತಿಗೆ ಹಿಡಿಯುವುದು ಮೋಲ್ಡ್, ಅಂದರೆ ಕಾಂಕ್ರೀಟಿನ ಚಾವಣಿ. 25 ಚದರ ಮೀಟರಿಗೆ ನಾಲ್ಕು ಇಂಚು ದಪ್ಪ ಹಾಕಿದರೂ ಹತ್ತಿರ ಹತ್ತಿರ 20 ಚೀಲ ಸಿಮೆಂಟು, 200 ಕೆಜಿ ಕಬ್ಬಿಣ ಬೇಕು. ಇದೆಲ್ಲ ಒಂದೇ ದಿನಕ್ಕೆ ಸ್ಥಳದಲ್ಲಿರಬೇಕು. ಸರ್ಕಾರದ ಬಿಲ್ಲಿನ ದುಡ್ಡು ಮಾತ್ರ ಕೆಲಸ ಆದಮೇಲೆ, ಫೋಟೋ ತೆಗೆದಮೇಲೆ, ಕಂತಿನಲ್ಲಿ ಬರುತ್ತದೆ. ನಡುವಿನ ದಿನಗಳಿಗೆ ಅಂಗಡಿಯ ಉದ್ರಿ, ಇಲ್ಲವೇ ಬಡ್ಡಿ ಸಾಲ. ಹೊಳಲ್ಕೆರೆ ಕಡೆ ನಮ್ಮ ಚಿಕ್ಕಪ್ಪನ ಮನೆ ಹೀಗೇ ನಿಂತಿತ್ತು. ಬಿಲ್ಲಿಗೆ ಕಾದೂ ಕಾದೂ, ತಂದಿಟ್ಟಿದ್ದ ಸಿಮೆಂಟು ಮಳೆಗಾಲದಲ್ಲಿ ಗಟ್ಟಿಯಾಗಿ ಕಲ್ಲಾಯಿತು, ಮೇಸ್ತ್ರಿ ದಾವಣಗೆರೆಗೆ ಬೇರೆ ಕೆಲಸ ಹಿಡಿದು ಹೋದ. ಅವನ ತಪ್ಪೇನು? ಅವನಿಗೂ ವಾರಕ್ಕೊಮ್ಮೆ ಆಳುಗಳಿಗೆ ಬಟವಾಡೆ ಮಾಡಬೇಕಲ್ವಾ?

ಒಂದು ಮಾತು ಬೇಜಾರಿಲ್ಲದೆ ಕೇಳಿ. ನಾಲ್ಕೂವರೆ ಚದರ ನಿಮ್ಮದೇ ತೀರ್ಮಾನ. ಮಗನ ಮದುವೆಗೆ ಒಂದು ರೂಮು ಜಾಸ್ತಿ ಬೇಕು ಅನ್ನುವುದು ಯಾರಿಗಾದರೂ ಅರ್ಥವಾಗುತ್ತದೆ. ಆದರೂ ನಡುಗೋಡೆ ಭಾರ ಹೊರುವಂತಿದ್ದರೆ ಈಗ ಅಡುಗೆಮನೆ ಮತ್ತು ಒಂದು ಕೋಣೆಗಷ್ಟೇ ಮೋಲ್ಡ್ ಹಾಕಿಸಿ, ಉಳಿದದ್ದಕ್ಕೆ ಸದ್ಯಕ್ಕೆ ಶೀಟು ಹೊದಿಸಬಹುದೇ ಎಂದು ಪಂಚಾಯಿತಿಯಲ್ಲಿ ಮೊದಲೇ ಕೇಳಿಕೊಳ್ಳಿ. ಮುಂದೆ ಜೋಡಿಸಲು ಕಂಬಿ ಹೊರಗೆ ಬಿಡುವುದನ್ನು ಮೇಸ್ತ್ರಿಗೆ ಮರೆಯದೆ ಹೇಳಿ. ಹಳೇ ಮೇಸ್ತ್ರಿಗೇ ಹೇಳಿ, ಹೊಸಬ ಬಂದರೆ ಪಾಯದಿಂದಲೇ ತಕರಾರು ಶುರು ಮಾಡುತ್ತಾನೆ.