ಆಫ್ರಿಕಾದ ಹಳೆಯ ತೊಗಲಿನ ಗುರಾಣಿ ಅಸಲಿಯೋ ಅಲ್ಲವೋ, ತಿಳಿಯುವುದು ಹೇಗೆ?

ಆನ್‌ಲೈನ್ ಹರಾಜಿನಲ್ಲಿ ಕಂಡ ಮಾಸಾಯಿ (ಕೀನ್ಯಾ, ಟಾಂಜಾನಿಯಾದ ದನಗಾಹಿ ಜನ) ಗುರಾಣಿ ಅಸಲಿಯೇ, ಮಂಗಳೂರಿಗೆ ತರಿಸಬಹುದೇ ಎಂದು ಕೇಳಿದ್ದೀರಿ. ಮೊದಲು ಅದರ ಹಿಂಬದಿಯ ಫೋಟೊ ಕೇಳಿ. ಮುಂದಿನ ಬಣ್ಣ ನಿನ್ನೆ ಬಳಿದದ್ದೂ ಆಗಿರಬಹುದು. ನಾನಂತೂ ಹಿಂಬದಿ ನೋಡದೆ ಬೆಲೆ ಮಾತಾಡುವುದೇ ಇಲ್ಲ.

ಕಾಳಗಕ್ಕೆಂದು ಮಾಡಿದ ಮಾಸಾಯಿ ಗುರಾಣಿ ಸಾಮಾನ್ಯವಾಗಿ ಆಫ್ರಿಕಾದ ಕಾಡೆಮ್ಮೆಯ ತೊಗಲಿನದು. ದಪ್ಪ, ಗಡಸು, ಮುಂದಕ್ಕೆ ಉಬ್ಬಿದ ಮೊಟ್ಟೆಯಾಕಾರ. ಅಂಚಿನ ಸುತ್ತ ತೊಗಲಿನ ಪಟ್ಟಿಯ ಹೊಲಿಗೆ. ಹಿಂದೆ ಮೇಲಿಂದ ಕೆಳಗೆ ಒಂದು ಮರದ ಕೋಲು. ಅದರ ನಡುಭಾಗವೇ ಹಿಡಿ. ನಿಜವಾಗಿ ಬಳಸಿದ್ದಾದರೆ ಕೈ ತಾಗುವ ಜಾಗ ಮಾತ್ರ ಸವೆದು ನುಣುಪಾಗಿರುತ್ತದೆ. ಕೋಲಿನುದ್ದಕ್ಕೂ ಒಂದೇ ಸಮ ಕಪ್ಪಾಗಿದ್ದರೆ ಅನುಮಾನಿಸಿ. ಪ್ರವಾಸಿಗರಿಗೆಂದು ಮಾಡಿದವು ತೆಳು, ಹಗುರ, ಮೇಲೆ ಎನಾಮಲ್ ಪೇಂಟಿನ ಹೊಳಪು. ಮುಂದಿನ ಚಿತ್ತಾರಕ್ಕೆ ಮಾಸಾಯಿಗಳು ಸಿರಾಟ ಎನ್ನುತ್ತಾರೆ. ಯೋಧ ಯಾವ ಪಂಗಡದವನು, ಯಾವ ವಯೋಗುಂಪಿನವನು ಎಂಬುದು ಅದರಿಂದಲೇ ಗೊತ್ತಾಗುತ್ತಿತ್ತು. ಹಾಗಾಗಿ ಕೆಂಪು, ಬಿಳಿ, ಕಪ್ಪು ಇದ್ದಮಾತ್ರಕ್ಕೆ ಸಾಲದು, ವಸ್ತುಸಂಗ್ರಹಾಲಯಗಳಲ್ಲಿರುವ ಹಳೆಯ ಗುರಾಣಿಗಳ ಜೊತೆ ಹೋಲಿಸಿ ನೋಡಿ. (ಕೀನ್ಯಾದ ಬಾವುಟದ ನಡುವೆ ಇರುವುದೂ ಮಾಸಾಯಿ ಗುರಾಣಿಯೇ.)

ನನ್ನ ಸ್ವಂತ ಒಲವು ದಕ್ಷಿಣ ಆಫ್ರಿಕಾದ ಜುಲು ಜನರ ಗುರಾಣಿಗಳ ಕಡೆ. ಅವು ದನದ ತೊಗಲಿನವು, ಕೂದಲು ಹಾಗೇ ಇರುತ್ತದೆ. ಎರಡು ಸಾಲು ಸೀಳು ಮಾಡಿ ಬೇರೆ ಬಣ್ಣದ ಪಟ್ಟಿ ಹೆಣೆದಿರುತ್ತಾರೆ. ಹಿಂದಿನ ಕೋಲನ್ನು ಹಿಡಿದಿಡುವುದೂ ಅದೇ ಹೆಣಿಗೆ. ಆಳೆತ್ತರಕ್ಕೆ ಹತ್ತಿರದ ದೊಡ್ಡ ಗುರಾಣಿ ಇಸಿಹ್ಲಾಂಗು. 1850ರ ದಶಕದಲ್ಲಿ, ಮುಂದೆ ಜುಲು ರಾಜನಾದ ಕೆಚ್ವಾಯೊ ಬಳಕೆಗೆ ತಂದ ಸ್ವಲ್ಪ ಚಿಕ್ಕದು ಉಂಬುಂಬುಲುಜೊ. ಈ ಯುದ್ಧದ ಗುರಾಣಿಗಳು ಸೈನಿಕನ ಸ್ವತ್ತಲ್ಲ, ರಾಜನವು. ಪಡೆಗೊಂದು ಬಣ್ಣದಂತೆ ರಾಜನ ಮಂದೆಯಿಂದಲೇ ತೊಗಲು ಬರುತ್ತಿತ್ತು. ಹಿರಿಯ ಪಡೆಗಳಿಗೆ ಬಿಳಿ ಹೆಚ್ಚು, ಕಿರಿಯರಿಗೆ ಕಪ್ಪು. ಮನೆಯಲ್ಲಿಟ್ಟುಕೊಂಡು ಕುಣಿತಕ್ಕೆ, ಓಡಾಟಕ್ಕೆ ಒಯ್ಯುತ್ತಿದ್ದ ಸಣ್ಣದು ಇಹಾವು. ಅಂಥ ಸಣ್ಣದಕ್ಕೂ ವ್ಯಾಪಾರಿಗಳು, 1879ರಲ್ಲಿ ಜುಲುಗಳು ಬ್ರಿಟಿಷರನ್ನು ಸೋಲಿಸಿದ ಇಸಾಂಡ್ಲ್ವಾನಾ ಕಾಳಗದ ಕಥೆ ಕಟ್ಟುತ್ತಾರೆ! ಆ ವರ್ಷದ ಜುಲು ಯುದ್ಧದಿಂದ ಬ್ರಿಟಿಷ್ ಸೈನಿಕರು ಗುರಾಣಿಗಳನ್ನು ಊರಿಗೆ ಒಯ್ದದ್ದು ನಿಜ. ಆದರೆ ಹಳೆಯ ಚೀಟಿ, ಪತ್ರ ಏನೂ ಇಲ್ಲದಿದ್ದರೆ ಗುರಾಣಿಗೆ ದುಡ್ಡು ಕೊಡಿ, ಕಥೆಗೆ ಬೇಡ.

ಇನ್ನು ತರಿಸುವ ವಿಷಯ. ಯಾವ ಪ್ರಾಣಿಯ ತೊಗಲು ಎಂದು ಬರವಣಿಗೆಯಲ್ಲೇ ಕೇಳಿ. ಸೂಡಾನ್, ಇಥಿಯೋಪಿಯಾ ಕಡೆಯ ದುಂಡು ಗುರಾಣಿಗಳಲ್ಲಿ ಆನೆ, ಘೇಂಡಾಮೃಗ, ನೀರಾನೆಯ ತೊಗಲೂ ಉಂಟು. ಇವೆಲ್ಲ ಸೈಟಿಸ್ ಒಪ್ಪಂದದ (ಅಳಿವಿನಂಚಿನ ಜೀವಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಒಪ್ಪಂದ) ಪಟ್ಟಿಯಲ್ಲಿವೆ. 2022ರ ತಿದ್ದುಪಡಿಯ ನಂತರ ನಮ್ಮ ವನ್ಯಜೀವಿ ಕಾಯ್ದೆಯಲ್ಲೂ ಆ ಪಟ್ಟಿಗೆ ಜಾಗವಿದೆ. ಪರವಾನಗಿ ಇಲ್ಲದೆ ಮುಟ್ಟಬೇಡಿ. ದನ, ಕಾಡೆಮ್ಮೆಯ ತೊಗಲಾದರೂ ಕಸ್ಟಮ್ಸ್‌ನವರನ್ನು ಮೊದಲೇ ವಿಚಾರಿಸುವುದು ಒಳ್ಳೆಯದು.

ಬಂದ ಮೇಲೆ ಹೊಳಪಿಗೆಂದು ಕೊಬ್ಬರಿ ಎಣ್ಣೆ ಹಚ್ಚಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ. ಇದು ಹದ ಮಾಡದ ತೊಗಲು, ನೀರು ಕುಡಿದರೆ ಸೊಟ್ಟಗಾಗುತ್ತದೆ, ಮಣ್ಣಿನ ಬಣ್ಣ ಕಿತ್ತು ಬರುತ್ತದೆ. ನಿಮ್ಮೂರಿನ ಮಳೆಗಾಲದಲ್ಲಿ ಬೂಷ್ಟು ಹಿಡಿಯುವುದು ಬೇಗ. ಹೊರಗೋಡೆಗೆ ತಾಗಿಸದೆ, ಬಿಸಿಲು ಬೀಳದ ಕಡೆ ಇಡಿ. ಹಿಡಿಗೆ ಹಗ್ಗ ಕಟ್ಟಿ ನೇತುಹಾಕುವ ಬದಲು ಕೆಳಗಿನಿಂದ ಆಧಾರ ಕೊಡಿ. ಹೊಲಿಗೆಯ ಸಂದಿಯಲ್ಲಿ ಪುಡಿ ಉದುರುತ್ತಿದ್ದರೆ ಹುಳು ಬಿದ್ದಿದೆ ಎಂದರ್ಥ, ಕೂಡಲೇ ಬೇರೆ ವಸ್ತುಗಳಿಂದ ದೂರವಿಡಿ.