ಠಾಣೆಯಿಂದ ಉಪ ಪ್ರೀಮಿಯರ್ ಪದವಿಗೆ

ಪ್ರಶ್ನೆ: ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ ಪೊಲೀಸ್ ಅಧಿಕಾರಿಯಾಗಿದ್ದ ಟ್ರಾಯ್ ಗ್ರಾಂಟ್ ಅವರು ಮುಂದೆ ಪೊಲೀಸ್ ಸಚಿವರೂ ಉಪ ಪ್ರೀಮಿಯರೂ ಆದರೆಂದು ಓದಿದೆ. ನಾಯಿಗಳ ಓಟದ ಗದ್ದಲದಲ್ಲಿ ಅವರ ಪದವಿ ಹೋಯಿತಂತೆ. ಇದು ನಿಜವೇ? ಪೊಲೀಸ್ ಅನುಭವ ಅವರ ಕೈಹಿಡಿಯಲಿಲ್ಲವೇ?
– ಓದುಗರೊಬ್ಬರು, ಹಾಸನ

ಉತ್ತರ: ಬಹುಮಟ್ಟಿಗೆ ನಿಜ. ಅನುಭವ ಕೈಹಿಡಿದದ್ದೂ ಉಂಟು, ಆದರೆ ಅದು ಪೊಲೀಸ್ ಇಲಾಖೆಯ ಮಟ್ಟಿಗೆ ಮಾತ್ರ.

ಗ್ರಾಂಟ್ ಪೊಲೀಸ್ ಪಡೆಯಲ್ಲಿ 22 ವರ್ಷ ದುಡಿದು ಇನ್‌ಸ್ಪೆಕ್ಟರ್ ಆದವರು. 1990ರ ದಶಕದ ನಡುವೆ, ಹಂಟರ್ ಕಣಿವೆಯ ಸೆಸ್ನಾಕ್ ಪಟ್ಟಣದಲ್ಲಿ ಇನ್ನೂ ಕಿರಿಯ ಅಧಿಕಾರಿಯಾಗಿದ್ದಾಗಲೇ, ಬಾಲಕರ ಮೇಲೆ ಲೈಂಗಿಕ ದೌರ್ಜನ್ಯ ಎಸಗಿದ್ದ ವಿನ್ಸೆಂಟ್ ರಯನ್ ಎಂಬ ಕ್ಯಾಥೊಲಿಕ್ ಪಾದ್ರಿಯ ತನಿಖೆ ನಡೆಸಿದರು. ಚರ್ಚಿನ ಹಿರಿಯರಿಗೆ 1970ರ ದಶಕದಲ್ಲೇ ದೂರು ತಲುಪಿದ್ದರೂ ಮುಚ್ಚಿಹೋಗಿದ್ದ ಆ ಪ್ರಕರಣದಲ್ಲಿ ಪಾದ್ರಿ ಕೊನೆಗೆ ಜೈಲು ಸೇರಿದ. ಗ್ರಾಂಟ್ ಅವರ ಇಡೀ ವೃತ್ತಿಜೀವನದಲ್ಲಿ ನನಗೆ ಹೆಚ್ಚು ತೂಕದ್ದಾಗಿ ಕಾಣುವುದು ಸಚಿವ ಪದವಿಯಲ್ಲ, ಈ ತನಿಖೆ.

2011ರಲ್ಲಿ ಅವರು ನ್ಯಾಷನಲ್ಸ್ ಪಕ್ಷದಿಂದ ಡಬ್ಬೊ ಕ್ಷೇತ್ರದಲ್ಲಿ ನಿಂತು, 1999ರಿಂದ ಪಕ್ಷೇತರರ ವಶದಲ್ಲಿದ್ದ ಆ ಸ್ಥಾನವನ್ನು ಗೆದ್ದುಕೊಂಡರು. ಆ್ಯಂಡ್ರೂ ಸ್ಟೋನರ್ ನಾಯಕತ್ವ ಬಿಟ್ಟಾಗ, ಶಾಸಕರಾಗಿ ನಾಲ್ಕು ವರ್ಷವೂ ತುಂಬದ ಗ್ರಾಂಟ್ 2014ರ ಅಕ್ಟೋಬರಿನಲ್ಲಿ ಪಕ್ಷದ ನಾಯಕರೂ ಉಪ ಪ್ರೀಮಿಯರೂ ಆದರು. ಪ್ರೀಮಿಯರ್ ಎಂದರೆ ನಮ್ಮ ಮುಖ್ಯಮಂತ್ರಿಯ ಸ್ಥಾನ. 2015ರಲ್ಲಿ ನ್ಯಾಯ ಮತ್ತು ಪೊಲೀಸ್ ಖಾತೆಯೂ ಅವರ ಪಾಲಿಗೆ ಬಂತು. ನಮ್ಮಲ್ಲಿರುವಂತೆ ಅಲ್ಲಿಯೂ ಪೊಲೀಸ್ ಪಡೆ ರಾಜ್ಯಗಳ ಕೈಯಲ್ಲಿರುವುದರಿಂದ ಈ ಖಾತೆ ಸಣ್ಣದೇನಲ್ಲ.

ಅದರ ಜೊತೆಯಲ್ಲೇ ಓಟದ ಪಂದ್ಯಗಳ ಖಾತೆಯೂ ಅವರಲ್ಲಿತ್ತು. ತೊಡಕು ಹುಟ್ಟಿದ್ದು ಅಲ್ಲಿ. ಓಟದ ಗ್ರೇಹೌಂಡ್ ನಾಯಿಗಳನ್ನು ಪಳಗಿಸಲು ಜೀವಂತ ಮೊಲ, ಹಂದಿಮರಿಗಳನ್ನು ಕಟ್ಟಿ ಅಟ್ಟಿಸುತ್ತಿದ್ದುದು 2015ರಲ್ಲಿ ಟಿ.ವಿ. ವರದಿಯಿಂದ ಬಯಲಾಯಿತು. ನಿವೃತ್ತ ನ್ಯಾಯಮೂರ್ತಿ ಮೈಕೆಲ್ ಮೆಕ್‌ಹ್ಯೂ ಅವರ ವಿಚಾರಣಾ ವರದಿಯು, 12 ವರ್ಷಗಳಲ್ಲಿ 48,000ದಿಂದ 68,000 ನಾಯಿಗಳನ್ನು, ಓಟದಲ್ಲಿ ಗೆಲ್ಲಲಾರವೆಂಬ ಕಾರಣಕ್ಕೆ, ಕೊಂದಿರಬಹುದೆಂದು ಅಂದಾಜಿಸಿತು. 2016ರ ಜುಲೈನಲ್ಲಿ ಪ್ರೀಮಿಯರ್ ಮೈಕ್ ಬೇರ್ಡ್ ಈ ಓಟವನ್ನೇ ನಿಷೇಧಿಸುವುದಾಗಿ ಸಾರಿದರು. ಗ್ರಾಂಟ್ ಬೇರ್ಡ್ ಅವರ ಬೆನ್ನಿಗೆ ನಿಂತರು. ಆದರೆ ನ್ಯಾಷನಲ್ಸ್ ಹಳ್ಳಿಗಾಡಿನ ಪಕ್ಷ, ನಾಯಿ ಸಾಕಿ ಓಡಿಸುವವರಲ್ಲಿ ಬಹಳಷ್ಟು ಮಂದಿ ಅದರ ಮತದಾರರು. ಪಕ್ಷದ ಮೂವರು ಶಾಸಕರು ಮಸೂದೆಯ ವಿರುದ್ಧ ಮತ ಹಾಕಿದರು. ಅಕ್ಟೋಬರಿನಲ್ಲಿ ಸರ್ಕಾರ ನಿಷೇಧವನ್ನು ಹಿಂದಕ್ಕೆ ಪಡೆಯಿತಾದರೂ, ಸ್ಥಳೀಯ ಕೌನ್ಸಿಲ್‌ಗಳನ್ನು ಬಲವಂತವಾಗಿ ವಿಲೀನಗೊಳಿಸಿದ್ದರ ಸಿಟ್ಟೂ ಸೇರಿಕೊಂಡು, ನವೆಂಬರ್ 12ರಂದು ಆರೆಂಜ್ ಕ್ಷೇತ್ರದ ಉಪಚುನಾವಣೆಯಲ್ಲಿ ಅದು ಸ್ಫೋಟಗೊಂಡಿತು. 1947ರಿಂದ ಕೈಬಿಟ್ಟು ಹೋಗದಿದ್ದ ಆ ಸ್ಥಾನವನ್ನು ಪಕ್ಷ ಕಳೆದುಕೊಂಡದ್ದು ಬರೀ 50 ಮತಗಳಿಂದ. ಗೆದ್ದ ಫಿಲಿಪ್ ಡೊನಾಟೊ ಅವರೂ ಹಿಂದೆ ಪೊಲೀಸ್ ಪ್ರಾಸಿಕ್ಯೂಟರ್ ಆಗಿದ್ದವರು ಎಂಬುದು ತಮಾಷೆ! ಮತ ಎಣಿಕೆ ಮುಗಿಯುವ ಮೊದಲೇ ಗ್ರಾಂಟ್ ನಾಯಕತ್ವ ಬಿಟ್ಟರು. ಆ ಜಾಗಕ್ಕೆ ಜಾನ್ ಬರಿಲಾರೊ ಬಂದರು.

ಸಾಕ್ಷ್ಯ ಕಣ್ಣೆದುರಿಗಿದ್ದರೆ ಕ್ರಮ ಕೈಗೊಳ್ಳುವುದು ಪೊಲೀಸರ ರೂಢಿ. ಮೆಕ್‌ಹ್ಯೂ ವರದಿಯನ್ನು ಗ್ರಾಂಟ್ ಆರೋಪಪಟ್ಟಿಯಂತೆ ಓದಿದರೇನೋ ಎಂದು ನನ್ನ ಊಹೆ. ತಮ್ಮ ಮತದಾರರನ್ನು ಮೊದಲು ಒಪ್ಪಿಸಿಕೊಳ್ಳುವ ಕೆಲಸ ಮಾತ್ರ ಉಳಿದೇ ಹೋಯಿತು.

ಪ್ರಶ್ನೆ: ಆಮೇಲೆ ಅವರೇನಾದರು?
– ಅದೇ ಓದುಗರು

ಉತ್ತರ: ಸಚಿವ ಸಂಪುಟದಿಂದ ಹೊರಬೀಳಲಿಲ್ಲ. 2019ರವರೆಗೆ ಪೊಲೀಸ್ ಸಚಿವರಾಗಿಯೇ ಇದ್ದರು, 2017ರಲ್ಲಿ ಮಿಕ್ ಫುಲರ್ ಅವರನ್ನು ಸರ್ಕಾರ ಪೊಲೀಸ್ ಕಮಿಷನರ್ ಆಗಿ ನೇಮಿಸಿದ್ದು ಅವರ ಕಾಲದಲ್ಲೇ. 2019ರ ಚುನಾವಣೆಗೆ ನಿಲ್ಲಲಿಲ್ಲ. ಬಳಿಕ ಮರ್ರೆ–ಡಾರ್ಲಿಂಗ್ ನದಿ ಕಣಿವೆಯಲ್ಲಿ ನೀರು ಹಂಚಿಕೆಯ ನಿಯಮಗಳು ಪಾಲನೆಯಾಗುತ್ತಿವೆಯೇ ಎಂದು ನೋಡಿಕೊಳ್ಳುವ ಇನ್‌ಸ್ಪೆಕ್ಟರ್ ಜನರಲ್ ಆಗಿ ಒಕ್ಕೂಟ ಸರ್ಕಾರ ಅವರನ್ನು ನೇಮಿಸಿತು. ಹೆಸರಿನಲ್ಲಿ ಇನ್‌ಸ್ಪೆಕ್ಟರ್ ಮತ್ತೆ ಬಂದು ಕೂತಿತು, ಈ ಬಾರಿ ಕಾಯಬೇಕಾದದ್ದು ನೀರನ್ನು.